ಏಳನೇ ಪಂಪಿನ ಅಂಕಿ

"ಬರೆಯೋ ಕೈಗೆ ನಾಚಿಕೆ ಇರಬೇಕು. ನಿನ್ನ ಕೈಗೆ ಅದೂ ಇಲ್ಲ," ಎಂದಳು ನನ್ನ ತಂಗಿ.

"ಬಾಯಿ ಮುಚ್ಚು. ಇದು ಕಚೇರಿ. ನಿನ್ನ ಹೊಲಿಗೆ ಮಷೀನಿನ ಮುಂದೆ ನಿಂತಿಲ್ಲ ನಾನು."

"ಕಚೇರಿ ಅಂತ ಗೊತ್ತಿದ್ದೇ ಬಂದಿರೋದು. ಅರ್ಜಿ ಕೊಟ್ಟು ನಲವತ್ತು ದಿನ ಆಯ್ತು, ಇವತ್ತು ಉತ್ತರ ಬಂತು. ತಗೋ, ಓದು."

ನಾನು ಕೈ ಚಾಚಲಿಲ್ಲ. ಅವಳೇ ಕಾಗದ ಬಿಡಿಸಿ, ಅಲ್ಲಿ ನಿಂತಿದ್ದವರಿಗೆಲ್ಲ ಕೇಳಿಸುವ ಹಾಗೆ ಓದಿದಳು. "'ತಾವು ಕೋರಿರುವ ಮಾಹಿತಿಯನ್ನು ಕಚೇರಿಯ ಸಾರ್ವಜನಿಕ ಫಲಕದಲ್ಲಿ ಈಗಾಗಲೇ ಪ್ರಕಟಿಸಲಾಗಿರುತ್ತದೆ. ನೋಡಿಕೊಳ್ಳುವುದು.' ನೋಡ್ಕೊಂಡೆ. ಇದೇ ತಾನೇ ಫಲಕ? ಇದು ನಿನ್ನ ಅಕ್ಷರ ತಾನೇ?"

ಅದೇ ಫಲಕ, ನನ್ನದೇ ಅಕ್ಷರ. ನಮ್ಮ ನೀರು ಕಚೇರಿಯ ಬಾಗಿಲ ಪಕ್ಕದ ಗೋಡೆಗೆ ಆರು ಅಡಿ ಉದ್ದದ ಕರಿಹಲಗೆ ಹೊಡೆದಿದ್ದಾರೆ. ಪ್ರತಿ ತಿಂಗಳ ಒಂದನೇ ತಾರೀಕು ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟು, ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ಕೆಲಸ. ಹುದ್ದೆಯಲ್ಲಿ ನಾನು ಜವಾನ. ಆದರೆ ಕಚೇರಿಯಲ್ಲಿ ಬಿ.ಎ. ಓದಿದವರ ಅಕ್ಷರವೂ ಕೋಳಿ ಕೆದರಿದ ಹಾಗಿದ್ದದ್ದರಿಂದ ಈ ಕೆಲಸ ನನಗೆ ಬಂತು. ಬರೆಯುವುದೂ ಹೆಚ್ಚೇನಲ್ಲ. ಪರೀಕ್ಷಿಸಿದ ಕೈಪಂಪುಗಳು: ಹನ್ನೊಂದು. ಫ್ಲೋರೈಡ್, ಸರಾಸರಿ: 1.1. ಇರಬಹುದಾದ ಮಿತಿ: 1.5. ಷರಾ: ನೀರು ಕುಡಿಯಲು ಯೋಗ್ಯ.

ಈ ಫಲಕಕ್ಕೆ ಅದಕ್ಕೂ ಎರಡು ವರ್ಷ ಮೊದಲೇ ಬಹುಮಾನ ಬಂದಿತ್ತು. ಜನರಿಗೆ ಮಾಹಿತಿಯನ್ನು ಮುಚ್ಚುಮರೆಯಿಲ್ಲದೆ ಕೊಡುವ ಕಚೇರಿ ಎಂದು ಮೇಲಿನವರು ಬಂದು ಪ್ರಮಾಣಪತ್ರ ಕೊಟ್ಟು, ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗಿದ್ದರು. ಆ ಫೋಟೋ ಈಗಲೂ ಇಂಜಿನಿಯರ್ ಸಾಹೇಬರ ಕೋಣೆಯಲ್ಲಿದೆ. ಅದರಲ್ಲಿ ನನ್ನ ಎಡಭುಜ ಬಂದಿದೆ. ಉಳಿದ ನಾನು ಚೌಕಟ್ಟಿನ ಹೊರಗೆ.

"ನಾನು ಕೇಳಿದ್ದು ಏಳನೇ ಪಂಪಿಂದು," ತಂಗಿ ಹೇಳಿದಳು. "ನಮ್ಮ ಬೀದಿ ಪಂಪಿಂದು. ನೀವು ಕೊಟ್ಟಿರೋದು ಊರಿಗೆಲ್ಲ ಸೇರಿಸಿ ಒಂದು ಅಂಕಿ. ಊರವರ ಅಳತೆಯೆಲ್ಲ ಕೂಡಿಸಿ ಭಾಗಿಸಿ ಎಲ್ಲರಿಗೂ ಒಂದೇ ಅಂಗಿ ಹೊಲಿದುಕೊಟ್ಟರೆ ನನ್ನ ಹತ್ರ ಯಾರಾದ್ರೂ ಬಟ್ಟೆ ತರ್ತಾರಾ?"

"ನನ್ನ ಕೈಗೆ ಒಂದು ಚೀಟಿ ಬರುತ್ತೆ. ಅದರಲ್ಲಿದ್ದದ್ದು ಬರೀತೀನಿ. ಹೆಚ್ಚು ಬೇಕಿದ್ರೆ ಒಳಗೆ ಹೋಗಿ ಕೇಳು."

"ಒಳಗೆ ಕೇಳಿದ್ದಕ್ಕೇ ಹೊರಗೆ ನೋಡು ಅಂತ ಬರೆದುಕೊಟ್ಟಿದ್ದಾರೆ. ಹೊರಗೆ ಕೇಳಿದ್ರೆ ನೀನು ಒಳಗೆ ಹೋಗು ಅಂತೀಯ. ಬಾಗಿಲಲ್ಲೇ ಸಾಯಲಾ?"

ಪಂಪು ಕೆಟ್ಟಿದೆ ಎಂದು ಹೇಳಲು ಬಂದ ಒಬ್ಬ ಮುದುಕ ನಕ್ಕುಬಿಟ್ಟ. ನನಗೆ ನೆತ್ತಿಗೇರಿತು. "ನಡಿ ಇಲ್ಲಿಂದ," ಅಂದೆ. ಅವಳು ಹೋದಳು. ಹೋಗುವಾಗ ಕಾಗದವನ್ನು ನನ್ನ ಸ್ಟೂಲಿನ ಮೇಲೆ ಇಟ್ಟುಹೋದಳು.

ಅವಳು ಏಕೆ ಹಾಗೆ ಉರಿದುಬಿದ್ದಳೆಂಬುದು ನನಗೆ ಗೊತ್ತಿತ್ತು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಆಗ ಒಂಬತ್ತು. ಐದರ ಮೇಲೆ ಅವಳ ಹಲ್ಲು ಕಂದುಗಟ್ಟಿತು, ಆಮೇಲೆ ಮಂಡಿಗಳು ಒಂದಕ್ಕೊಂದು ತಾಗುವ ಹಾಗೆ ಕಾಲು ಬಾಗಿತು. ಹತ್ತು ಹೆಜ್ಜೆ ಇಟ್ಟು ಒಮ್ಮೆ ನಿಲ್ಲುತ್ತಿದ್ದಳು. ಚಿಕ್ಕವಳಿಗೆ ಎರಡೂವರೆ, ಕಾಲು ಇನ್ನೂ ನೆಟ್ಟಗಿತ್ತು. ಆಸ್ಪತ್ರೆಯ ಡಾಕ್ಟರು ದೊಡ್ಡವಳ ಎಕ್ಸ್‌ರೇ ನೋಡಿ, "ಇದು ನೀರಿಂದ ಬಂದಿದ್ದು. ಇವಳಿಗೆ ನಾನು ಮಾಡೋದು ಕಡಿಮೆ. ಚಿಕ್ಕವಳನ್ನ ಉಳಿಸ್ಕೊಳ್ಳಿ. ನಿಮ್ಮ ಪಂಪಿನ ನೀರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ತಿಳ್ಕೊಂಡು ಬನ್ನಿ," ಅಂದಿದ್ದರು. ತಂಗಿ, ನಾನು ಕಾಯಿಸಿ ಆರಿಸಿಯೇ ಕೊಡುತ್ತೇನೆ ಡಾಕ್ಟ್ರೇ ಅಂದಳಂತೆ. ಡಾಕ್ಟರು, ಕಾಯಿಸಿದರೆ ನೀರು ಆವಿಯಾಗುತ್ತದೆ, ಇದು ಆಗುವುದಿಲ್ಲ, ತಳದಲ್ಲಿ ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ ಎಂದರಂತೆ. ಒಂಬತ್ತು ವರ್ಷ ಅವಳು ಸೌದೆ ಸುಟ್ಟು ಕಾಯಿಸಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ ಅಂಕಿ.

ಮಧ್ಯಾಹ್ನ ಲ್ಯಾಬಿನವನ ಹತ್ತಿರ ಹೋದೆ. ಲ್ಯಾಬ್ ಎಂದರೆ ಹಿಂಭಾಗದ ಒಂದು ಕೋಣೆ: ಕಲ್ಲಿನ ಮೇಜು, ನಲ್ಲಿ, ಗಾಜಿನ ಸೀಸೆಗಳು. ಹುಡುಗುಬುದ್ಧಿಯ ಮನುಷ್ಯ, ಎಲ್ಲದಕ್ಕೂ ನಗು. ನನ್ನನ್ನು ಯಜಮಾನ್ರೇ ಎಂದು ಕರೆಯುತ್ತಾನೆ.

"ಹನ್ನೊಂದು ಪಂಪಿಗೆ ಒಂದೇ ಅಂಕಿ ಹೇಗೆ ಬರುತ್ತಪ್ಪ?" ಎಂದು ಕೇಳಿದೆ.

"ಕೂಡಿಸಿ ಹನ್ನೊಂದರಿಂದ ಭಾಗಿಸಿದ್ರೆ ಬರುತ್ತೆ ಯಜಮಾನ್ರೇ. ಹತ್ತು ಜನ ಹೊಟ್ಟೆ ಬಿರಿಯ ಉಂಡು, ಒಬ್ಬ ಉಪವಾಸ ಬಿದ್ದಿದ್ರೆ, ಸರಾಸರಿ ಲೆಕ್ಕದಲ್ಲಿ ಎಲ್ಲರೂ ಉಂಡ ಹಾಗೇ ಅಲ್ವಾ?"

"ಯಾರು ಉಪವಾಸ ಬಿದ್ದಿರೋದು?"

ಅವನ ನಗು ನಿಂತಿತು. "ಸೀಸೆ ತರೋರು ನೀವೇ. ರಿಜಿಸ್ಟರ್ ಇರೋ ಬೀರು ಕೀನೂ ನಿಮ್ಮ ಹತ್ರಾನೇ ಇದೆ. ನನ್ನನ್ನ ಯಾಕೆ ಕೇಳ್ತೀರಿ?"

ಅದು ನಿಜ. ಪ್ರತಿ ತಿಂಗಳ ಕೊನೆಗೆ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಹನ್ನೊಂದು ಪಂಪುಗಳಿಗೆ ಹೋಗಿ, ಸೀಸೆ ತುಂಬಿ, ಕುತ್ತಿಗೆಗೆ ನಂಬರಿನ ಚೀಟಿ ಕಟ್ಟಿ ತರುವವನು ನಾನೇ. ಕೆಳಗಿನ ಬೀದಿಯ ಏಳನೇ ಪಂಪಿಗೆ ಹೋದರೆ ಅಲ್ಲಿಯ ಹೆಂಗಸರು ಕೊಡಗಳನ್ನು ಸರಿಸಿ ಜಾಗ ಬಿಡುತ್ತಿದ್ದರು. ತಂಗಿ ಮನೆಯೊಳಗಿಂದ ಟೀ ತಂದು ಕೊಡುತ್ತಿದ್ದಳು. ಕುಡಿದು, ಸೀಸೆ ತುಂಬಿಕೊಂಡು ಬರುತ್ತಿದ್ದೆ. ಹನ್ನೆರಡು ವರ್ಷದಿಂದ ತರುತ್ತಿದ್ದೆ. ತಂದ ಮೇಲೆ ಅದರಲ್ಲಿ ಏನು ಸಿಕ್ಕಿತು ಎಂದು ಒಂದು ದಿನವೂ ಕೇಳಿದವನಲ್ಲ. ಸೀಸೆ ಒಡೆಯದೆ ತಂದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಸಂಜೆ ಎಲ್ಲರೂ ಹೋದ ಮೇಲೆ ಬೀರು ತೆಗೆದೆ. ಉದ್ದನೆಯ ರಿಜಿಸ್ಟರು, ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಪಂಪು. ಒಂದನೇ ಪಂಪು 0.6, ಎರಡನೇದು 0.7, ಮೂರನೇದು 0.8. ಎಲ್ಲಾ ಹಾಗೇ. ಏಳನೇದರ ಎದುರು 5.4. ಹಿಂದಿನ ತಿಂಗಳು 5.3. ಅದರ ಹಿಂದಿನದು 5.5. ಪುಟ ತಿರುಗಿಸುತ್ತಾ ಹೋದೆ. ಆರು ವರ್ಷ ಹಿಂದಕ್ಕೆ ಹೋದರೂ ಐದಕ್ಕಿಂತ ಕೆಳಗೆ ಒಂದು ಅಂಕಿ ಇರಲಿಲ್ಲ. ಅದಕ್ಕೂ ಹಿಂದಿನ ರಿಜಿಸ್ಟರು ಕೆಳಗಿನ ಅರೆಯಲ್ಲಿತ್ತು, ಅದನ್ನು ತೆಗೆಯುವ ಧೈರ್ಯ ಆಗಲಿಲ್ಲ. ಯಾರೂ ಆ ಅಂಕಿಗೆ ಅಡಿಗೆರೆ ಎಳೆದಿರಲಿಲ್ಲ, ಅಳಿಸಿಯೂ ಇರಲಿಲ್ಲ. ಉಳಿದ ಅಂಕಿಗಳ ಹಾಗೇ ನೀಲಿ ಶಾಯಿಯಲ್ಲಿ ನೀಟಾಗಿ ಬರೆದು, ಕೆಳಗೆ ಕೂಡಿಸಿ, ಭಾಗಿಸಿ, 1.1 ಎಂದು ಬರೆದು ಸಹಿ ಮಾಡಿದ್ದರು.

ನೆಟ್ಟಗೆ ತಂಗಿಯ ಮನೆಗೆ ಹೋದೆ. ಅವಳು ಶಾಲೆಯ ಸಮವಸ್ತ್ರಗಳ ರಾಶಿ ಮುಂದಿಟ್ಟುಕೊಂಡು ಮಷೀನು ತುಳಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಐದು ಪಾಯಿಂಟು ನಾಲ್ಕು," ಅಂದೆ.

ಮಷೀನು ನಿಂತಿತು.

"ಏಳನೇ ಪಂಪಿಂದು. ಒಂದೂವರೆ ದಾಟಬಾರದು. ನಾಳೆಯಿಂದ ಮೇಲಿನ ಬೀದಿಯ ಎರಡನೇ ಪಂಪಿಂದ ತಗೊಂಡು ಬಾ. ನಾನು ಹೇಳಿದೆ ಅಂತ ಯಾರ ಹತ್ರಾನೂ ಬಾಯಿ ಬಿಡಬೇಡ. ನನ್ನ ಹೊಟ್ಟೆಗೆ ಕಲ್ಲು ಬೀಳುತ್ತೆ."

ದೊಡ್ಡವಳು ಮೂಲೆಯಲ್ಲಿ ಕಾಲು ಚಾಚಿ ಕೂತು ಗುಂಡಿ ಪೋಣಿಸುತ್ತಿದ್ದಳು. ತಂಗಿ ಅವಳ ಕಡೆಗೊಮ್ಮೆ ನೋಡಿ, "ಯಾವಾಗಿಂದ?" ಎಂದು ಕೇಳಿದಳು.

"ಆರು ವರ್ಷದ್ದು ನೋಡಿದೆ. ಅದಕ್ಕೂ ಹಿಂದಿನದು ಗೊತ್ತಿಲ್ಲ."

"ಆಗ ಇವಳಿಗೆ ಮೂರು," ಎಂದಳು. "ಸರಿ, ನೀನು ಹೇಳಿದ್ದು ಒಳ್ಳೇದಾಯ್ತು ಅಣ್ಣ. ಆದರೆ ಈ ಬೀದೀಲಿ ಮೂವತ್ತೆರಡು ಮನೆ ಇದೆ. ಅವರಿಗೆ ಯಾರು ಅಣ್ಣ?"

ಅಷ್ಟರಲ್ಲಿ ಗಾರೆ ಕೆಲಸ ಮುಗಿಸಿ ಭಾವ ಬಂದರು, ಅವರ ಹತ್ತಿರ ಅದೂ ಇದೂ ಮಾತಾಡಿ ಮನೆಗೆ ಬಂದೆ.

ಮರುದಿನದಿಂದ ಅವಳು ಎರಡು ಕೊಡ ಹಿಡಿದು ಮೇಲಿನ ಬೀದಿಗೆ ಹತ್ತಲು ಶುರುಮಾಡಿದಳು. ಮನೆ ಮುಂದೆಯೇ ಇರುವ ಪಂಪು ಬಿಟ್ಟು ಅರ್ಧ ಮೈಲಿ ಏರು ಹತ್ತುವವಳನ್ನು ಬೀದಿ ಸುಮ್ಮನೆ ಬಿಡುತ್ತದೆಯೇ? ಏನಮ್ಮ, ಮೇಲಿನ ಬೀದಿ ನೀರಿಗೆ ಸಕ್ಕರೆ ಹಾಕಿದ್ದಾರಾ ಎಂದರು. ಅಣ್ಣ ಇರೋ ಬೀದಿ ಅಂತ ದೊಡ್ಡಸ್ತಿಕೆ ಎಂದರು. ಅವಳು ನನ್ನ ಹೆಸರು ಎತ್ತದೆ, ಈ ನೀರು ಕೆಟ್ಟದ್ದು, ಮಕ್ಕಳಿಗೆ ಕೊಡಬೇಡಿ ಎಂದು ಮನೆಮನೆಗೂ ಹೇಳಿದಳು. ಯಾರು ಹೇಳಿದ್ದು ಎಂದು ಕೇಳಿದರೆ ಗೊತ್ತು ಎನ್ನುತ್ತಿದ್ದಳು, ಅಷ್ಟೇ. ಎದುರು ಮನೆಯ ಅಜ್ಜಿಯ ಮೊಮ್ಮಗನಿಗೂ ಹಲ್ಲು ಕಂದುಗಟ್ಟಿತ್ತು. ಆ ಅಜ್ಜಿ ಕೋಲೂರಿಕೊಂಡು ನಮ್ಮ ಕಚೇರಿಗೇ ಬಂದು, ಯಾರೋ ಓದುಬರಹ ಬಲ್ಲವರಿಂದ ಫಲಕ ಓದಿಸಿಕೊಂಡು ಹೋದರು. ಹೋಗಿ ತಂಗಿಗೆ, "ನಿನ್ನ ಅಣ್ಣಾನೇ ದುಂಡಗೆ ಬರೆದಿಟ್ಟಿದ್ದಾನಲ್ಲೇ, ಕುಡಿಯೋಕೆ ಯೋಗ್ಯ ಅಂತ. ಸುಮ್ನೆ ಯಾಕೆ ಬೀದಿಗೆ ಬೆಂಕಿ ಹಚ್ತೀಯ?" ಅಂದರಂತೆ.

ಇದೆಲ್ಲ ಸಾಹೇಬರ ಕಿವಿಗೂ ಬಿತ್ತು. ನನ್ನನ್ನು ಒಳಗೆ ಕರೆದರು. ಕೆಟ್ಟ ಮನುಷ್ಯರಲ್ಲ. ಹನ್ನೆರಡು ವರ್ಷದಲ್ಲಿ ನಾನು ಕಂಡ ನಾಲ್ಕು ಸಾಹೇಬರಲ್ಲಿ ಇವರೇ ನನ್ನನ್ನು ಕೂತ್ಕೋ ಎಂದವರು.

"ನಿನ್ನ ತಂಗಿಗೆ ಒಳಗಿನ ಅಂಕಿ ಹೋಗಿದೆ," ಎಂದರು. "ಯಾರಿಂದ ಅಂತ ನಾನು ಕೇಳಲ್ಲ. ಕೇಳಿದ್ರೆ ಬರೆಯಬೇಕಾಗುತ್ತೆ."

"ಸಾರ್, ಅಂಕಿ ಸುಳ್ಳಾ?"

"ಸುಳ್ಳು ಅಂತ ಯಾರಂದ್ರು? ನಾವು ಏನೂ ಮುಚ್ಚಿಟ್ಟಿಲ್ಲ. ರಿಜಿಸ್ಟರಲ್ಲಿ ಇದೆ, ಮೇಲಿನ ಕಚೇರಿಗೆ ಪ್ರತಿ ತಿಂಗಳು ಹೋಗುತ್ತೆ. ಸರಾಸರಿ ಬರೀಬೇಕು ಅಂತ ನಮೂನೆ ಬಂದಿದೆ, ಬರೀತೀವಿ. ಫಲಕದಲ್ಲಿದೆ, ಕಂಪ್ಯೂಟರಲ್ಲೂ ಇದೆ."

"ಹನ್ನೊಂದೂ ಬರೆದ್ರೆ ಏನಾಗುತ್ತೆ ಸಾರ್? ಹಲಗೇಲಿ ಜಾಗ ಇದೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬರೆದ ಮಾರನೇ ದಿನ ಮೂವತ್ತೆರಡು ಮನೆ ಕೊಡ ಹಿಡ್ಕೊಂಡು ಇಲ್ಲಿ ನಿಲ್ಲುತ್ತೆ. ಎಲ್ಲಿಂದ ಕೊಡಲಿ ನೀರು? ಶುದ್ಧ ಮಾಡೋ ಯಂತ್ರ ಬೇಕು ಅಂತ ಮೂರು ಸಲ ಬರೆದಿದ್ದೀನಿ. ನಿಮ್ಮ ಊರಿನ ಸರಾಸರಿ ಮಿತಿಯೊಳಗೇ ಇದೆ, ಯಂತ್ರದ ಅಗತ್ಯ ಕಾಣಿಸೋದಿಲ್ಲ ಅಂತ ಮೂರು ಸಲಾನೂ ಉತ್ತರ ಬಂತು."

ಅವರೂ ಅದೇ ಅಂಕಿಗೆ ಸಿಕ್ಕಿಬಿದ್ದಿದ್ದರು. ಆದರೆ ಅವರ ಮನೆಗೆ ನೀರು ಡಬ್ಬದಲ್ಲಿ ಬರುತ್ತದೆ. ತಂದಿಡುವವನು ನಾನು.

"ನಿನಗೆ ಇನ್ನೂ ಎಂಟು ವರ್ಷ ಸರ್ವಿಸ್ ಇದೆ," ಎಂದು ಕನ್ನಡಕ ಹಾಕಿಕೊಂಡರು. "ಬೀರು ಕೀ ಇನ್ನು ಮೇಲೆ ನನ್ನ ಹತ್ರ ಇರಲಿ."

ಕೊಟ್ಟೆ.

ಆ ವಾರ ತಂಗಿ ಒಮ್ಮೆ ಮನೆಗೆ ಬಂದಳು. ನನ್ನ ಹೆಂಡತಿಯ ಪಕ್ಕದಲ್ಲಿ ಅಡುಗೆಮನೆಯಲ್ಲಿ ಕೂತಳು. ಸಿಟ್ಟಿನಲ್ಲಿ ಬಂದಿರಲಿಲ್ಲ. ನಾನು ಮೊದಲೇ ಬಾಯಿ ಹಾಕಿದೆ. "ನೀನು ಮಕ್ಕಳನ್ನ ಕಟ್ಕೊಂಡು ಇಲ್ಲಿಗೇ ಬಂದುಬಿಡು. ಹಿಂದಿನ ಕೋಣೆ ಖಾಲಿ ಇದೆ. ಎರಡನೇ ಪಂಪು ಬಾಗಿಲಲ್ಲೇ ಇದೆ."

"ಅದಕ್ಕಲ್ಲ ಅಣ್ಣ ನಾನು ಬಂದಿದ್ದು. ಒಂದನೇ ತಾರೀಕು ನಮ್ಮ ಬೀದಿ ಹೆಂಗಸರನ್ನ ಕರ್ಕೊಂಡು ಬರ್ತೀನಿ. ಅವರ ಮುಂದೆ ನಿನ್ನನ್ನ ಒಂದು ಮಾತು ಕೇಳ್ತೀನಿ, ಏಳನೇ ಪಂಪಿಂದು ಎಷ್ಟು ಅಂತ. ನೀನು ಬಾಯಲ್ಲಿ ಹೇಳು, ಸಾಕು. ಬರೆಯೋದು ಬೇಡ."

"ಹೇಳಿದ್ರೆ ಮನೆಗೆ ಕಳಿಸ್ತಾರೆ ನನ್ನ."

"ಕಳಿಸ್ಬಹುದು. ನಿನ್ನ ಹತ್ರ ಸುಳ್ಳು ಹೇಳಲ್ಲ. ಆದರೆ ನಾನು ಹೇಳಿದ್ರೆ ಅವರು ನಂಬಲ್ಲ, ನಿನ್ನ ಅಕ್ಷರ ನಂಬಿದ್ದಾರೆ. ಊರಲ್ಲಿ ಎಲ್ಲರ ಮೇಲೂ ಹರಿಹಾಯ್ತೀಯ ನೀನು. ಬಸ್ ಕಂಡಕ್ಟರಿಂದ ಹಿಡಿದು ಹಾಲಿನವನವರೆಗೂ ಯಾರನ್ನೂ ಬಿಟ್ಟಿಲ್ಲ. ಒಂದು ಅಂಕಿ ಹೇಳೋಕೆ ನಿನಗೇನು ಕಷ್ಟ?"

ನನ್ನ ಹೆಂಡತಿ ಲೋಟ ತೊಳೆಯುತ್ತಿದ್ದವಳು ತೊಳೆಯುವುದನ್ನು ನಿಲ್ಲಿಸಿದಳು. "ನೋಡೋಣ," ಎಂದೆ. ತಂಗಿ ಅದನ್ನು ಆಗಲಿ ಎಂದುಕೊಂಡು ಎದ್ದಳು. ನಾನು ಹಾಗಲ್ಲ ಎಂದು ತಿದ್ದಲಿಲ್ಲ.

ಒಂದನೇ ತಾರೀಕು ಬೆಳಿಗ್ಗೆ ಹತ್ತೂವರೆಗೆ ಬಂದರು. ಹದಿನೈದು ಹದಿನಾರು ಹೆಂಗಸರು, ಮುಂದೆ ಎದುರು ಮನೆಯ ಅಜ್ಜಿ. ತಂಗಿ ಚಿಕ್ಕವಳನ್ನು ಎತ್ತಿಕೊಂಡಿದ್ದಳು, ದೊಡ್ಡವಳನ್ನು ಕೈಹಿಡಿದು ನಡೆಸಿಕೊಂಡು ಬಂದಿದ್ದಳು. ಅಷ್ಟು ದೂರ ಆ ಹುಡುಗಿ ನಡೆದದ್ದು ಅದೇ ಮೊದಲು ಅನಿಸುತ್ತದೆ. ಬಂದವಳೇ ನನ್ನ ಸ್ಟೂಲಿನ ಮೇಲೆ ಕೂತು, "ಮಾವ, ನೀರಿದ್ಯಾ?" ಎಂದು ಕೇಳಿದಳು. ಕೊಟ್ಟೆ.

ನಾನು ಆಗಷ್ಟೇ ಬರೆದು ಮುಗಿಸಿದ್ದೆ. ಹನ್ನೊಂದು. 1.1. ಯೋಗ್ಯ.

ಸಾಹೇಬರು ಗದ್ದಲ ಕೇಳಿ ಬಾಗಿಲಿಗೆ ಬಂದು ನಿಂತರು. ಅವರ ಹಿಂದೆ ಲ್ಯಾಬಿನವನು. ಯಾರೂ ಯಾರನ್ನೂ ಗದರಲಿಲ್ಲ.

"ಅಣ್ಣ," ತಂಗಿ ಹೇಳಿದಳು, "ಎಲ್ಲರ ಮುಂದೆ ಕೇಳ್ತಿದ್ದೀನಿ. ಏಳನೇ ಪಂಪಿಂದು ಎಷ್ಟು?"

ನನಗೆ ಅಂಕಿ ನಾಲಿಗೆಯ ಮೇಲೇ ಇತ್ತು. ಐದು ಪಾಯಿಂಟು ನಾಲ್ಕು. ಮೂರು ಮಾತು. ಸಾಹೇಬರು ನನ್ನ ಮುಖ ನೋಡುತ್ತಿರಲಿಲ್ಲ, ಅಂಗಳದ ಆಚೆಗೆ ಎಲ್ಲೋ ನೋಡುತ್ತಿದ್ದರು. ಲ್ಯಾಬಿನವನು ನೆಲ ನೋಡುತ್ತಿದ್ದ. ನಾನು ನನ್ನ ಎಂಟು ವರ್ಷ ನೋಡಿದೆ, ಹೆಂಡತಿಯನ್ನು ನೋಡಿದೆ, ಮನೆಯ ಬಾಡಿಗೆ ನೋಡಿದೆ.

"ನನಗೆ ಗೊತ್ತಿರೋದೆಲ್ಲ ಬೋರ್ಡಲ್ಲಿದೆ," ಎಂದೆ.

ತಂಗಿ ಕೇಳಿಸದವಳ ಹಾಗೆ ಇನ್ನೊಮ್ಮೆ ಕೇಳಿದಳು. "ಏಳನೇ ಪಂಪು ಅಣ್ಣ."

"ಬೋರ್ಡಲ್ಲಿದೆ ಅಂದೆನಲ್ಲ."

ಅಜ್ಜಿ ಕೋಲಿನ ಮೇಲೆ ಎರಡೂ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದರು. "ನೀರು ಚೆನ್ನಾಗಿದೆ ಅಲ್ವೇನಪ್ಪ?" ಎಂದರು. "ಮೊಮ್ಮಗನಿಗೆ ಕೊಡಬಹುದು ತಾನೇ? ನೀನು ಹೇಳಿದ್ರೆ ಸಾಕು."

ನಾನು ತಲೆ ಆಡಿಸಿದೆ. ಹೌದು ಎಂದು ಬಾಯಿಬಿಟ್ಟು ಹೇಳಲಿಲ್ಲ, ಆಮೇಲೆ ಇದನ್ನೇ ಹಿಡಿದುಕೊಂಡು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅಜ್ಜಿಗೆ ಅಷ್ಟೇ ಸಾಕಾಯಿತು. "ನೋಡ್ದೆಯೇನೇ," ಎಂದು ತಂಗಿಯ ಕಡೆ ತಿರುಗಿದರು. ಹಿಂದೆ ಯಾರೋ, "ಒಂದು ದಿನದ ಕೂಲಿ ಹೋಯ್ತು ಇವಳ ಮಾತು ಕೇಳಿ," ಎಂದರು. ಇನ್ನೊಬ್ಬಳು ನಕ್ಕಳು. ಅವರ ಮುಖಗಳಲ್ಲಿ ಸಿಟ್ಟಿಗಿಂತ ನಿರಾಳವೇ ಹೆಚ್ಚಾಗಿತ್ತು. ಕೆಟ್ಟ ಸುದ್ದಿ ಯಾರಿಗೆ ಬೇಕು? ಇಬ್ಬಿಬ್ಬರಾಗಿ, ಮೂವರಾಗಿ ಹೊರಟುಹೋದರು. ಸಾಹೇಬರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ತಂಗಿ ಉಳಿದಳು. ಈಗ ಬೈಯುತ್ತಾಳೆ, ಮಾನ ಕಳೆಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಜಗಳವಾಗುತ್ತಿತ್ತು, ನಾಲ್ಕು ದಿನ ಮಾತು ಬಿಟ್ಟು ಐದನೇ ದಿನ ಸರಿಹೋಗುತ್ತಿತ್ತು. ಚಿಕ್ಕಂದಿನಿಂದ ನಮ್ಮದು ಹಾಗೇ ನಡೆದಿದೆ.

ಅವಳು ಬೈಯಲಿಲ್ಲ. ಚಿಕ್ಕವಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, "ಏಳು ಕಂದ, ಹೋಗೋಣ," ಎಂದು ದೊಡ್ಡವಳನ್ನು ಎಬ್ಬಿಸಿದಳು. ನನ್ನ ಕಡೆ ನೋಡಿದಳೋ ಇಲ್ಲವೋ ನನಗೆ ಹೇಳಲಾಗದು. ನಾನು ಅವಳ ಕಡೆ ನೋಡಿರಲಿಲ್ಲ.

ಕಚೇರಿಯ ಮೆಟ್ಟಿಲಿಂದ ಗೇಟಿಗೆ ನಲವತ್ತು ಹೆಜ್ಜೆ ಇರಬಹುದು. ಬೇರೆಯವರು ಅರ್ಧ ನಿಮಿಷದಲ್ಲಿ ದಾಟುತ್ತಾರೆ. ತಂಗಿಗೂ ಮಕ್ಕಳಿಗೂ ಮೆಟ್ಟಿಲು ಇಳಿಯುವುದಕ್ಕೇ ಅಷ್ಟು ಹೊತ್ತು ಹಿಡಿಯಿತು. ಹತ್ತು ಹೆಜ್ಜೆ ನಡೆದು ಹುಡುಗಿ ನಿಂತಳು. ತಂಗಿ ಕಾದಳು. ಮತ್ತೆ ಹತ್ತು ಹೆಜ್ಜೆ. ಮತ್ತೆ ನಿಂತರು. ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ, ಬಿಸಿಲು ಏರಿತ್ತು. ಕೂಗಿ ಕರೆಯಲು, ಓಡಿಹೋಗಿ ಹಿಡಿಯಲು, ಗೇಟಿನ ಹೊರಗೆ ಇನ್ನೂ ಮಾತಾಡುತ್ತ ನಿಂತಿದ್ದ ಹೆಂಗಸರಿಗೆ ಆ ಮೂರು ಮಾತು ಹೇಳಲು ಬೇಕಾದಷ್ಟು ಸಮಯವಿತ್ತು. ಮೂರನೇ ಸಲ ನಿಂತಾಗ ಹುಡುಗಿ ಹಿಂದಿರುಗಿ ನೋಡಿ, ನನಗೆ ಕೈ ಬೀಸಿದಳು. ಅವಳಿಗೇನು ಗೊತ್ತು.

ಆಮೇಲೆ ಗೇಟು ದಾಟಿದರು.

ಆ ತಿಂಗಳ ಕೊನೆಗೆ ಸೀಸೆಗಳ ಚೀಲ ಕಟ್ಟಿಕೊಂಡು ಕೆಳಗಿನ ಬೀದಿಗೆ ಹೋದಾಗ ಅವಳ ಮನೆಯಲ್ಲಿ ಬೇರೆ ಯಾರೋ ಬಾಡಿಗೆಗೆ ಬಂದಿದ್ದರು. ಭಾವನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತಂತೆ, ಮಷೀನು ಗಾಡಿಗೆ ಹಾಕಿಕೊಂಡು ಹೋದರಂತೆ. ಯಾವ ಊರು ಎಂದು ನನಗೆ ಹೇಳಿಹೋಗಿರಲಿಲ್ಲ, ಬೀದಿಯವರಿಗೂ ಗೊತ್ತಿರಲಿಲ್ಲ. ಐದು ವರ್ಷವಾಯಿತು. ನನ್ನ ತಂಗಿ ಮತ್ತೆ ಬರಲಿಲ್ಲ.